ಕೈ ತೊಳೆದ ಮೇಲೆ ಬಿಲ್

ಬೆಳಗಿನ ಐದೂಮುಕ್ಕಾಲು. ಕಾಪುವಿನ ಹೆದ್ದಾರಿ ಬದಿಯ ಹೋಟೆಲಿನ ಶಟರ್ ಅರ್ಧ ಮಾತ್ರ ಮೇಲೇರಿದೆ. ಒಳಗಿನಿಂದ ಬನ್ಸ್ ಕರಿಯುವ ವಾಸನೆ. ಬೂಬ ಸಾಲ್ಯಾನ್ ಮೇಜಿನಿಂದ ಮೇಜಿಗೆ ಹೋಗಿ, ಪಾಠಪುಸ್ತಕದಷ್ಟು ದೊಡ್ಡ ಟ್ಯಾಬ್‌ಗಳನ್ನು ಒಂದೊಂದಾಗಿ ಎತ್ತಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಉಂಡ ಮಗುವಿನ ಬಾಯಿ ಒರೆಸುವ ಹಾಗೆ. ಚಾರ್ಜರ್ ಸಿಕ್ಕಿಸುವ ತೂತಿನಲ್ಲಿ ಒಣಗಿದ ಚಟ್ನಿಯನ್ನು ಹಲ್ಲುಕಡ್ಡಿಯಿಂದ ಬಿಡಿಸುತ್ತಾ, "ಮಿಷಿನ್‌ಗೂ ಹಸಿವು ಉಂಟು ನೋಡಿ" ಎಂದು ನನ್ನತ್ತ ನೋಡಿ ನಗುತ್ತಾರೆ.

ಬೂಬಣ್ಣನಿಗೆ ಈಗ ಐವತ್ತೆಂಟು. ಹೆಜಮಾಡಿಯ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಅವರಿಗೆ ಕಡಲು ಆಗಿಬರಲಿಲ್ಲ. "ದೋಣಿ ಹತ್ತಿದ ಕೂಡಲೇ ವಾಂತಿ. ಮೀನಿಗೆ ಊಟ ಹಾಕಲಿಕ್ಕೆ ಇವನನ್ನು ಕರೆದುಕೊಂಡು ಬರುವುದು ಅಂತ ಅಣ್ಣಂದಿರು ನಗುತ್ತಿದ್ದರು." ಹಾಗೆ ಉಡುಪಿಯ ಹೋಟೆಲು ಸೇರಿದವರು ಮೂವತ್ತೊಂದು ವರ್ಷ ಸಪ್ಲಾಯರ್ ಆಗಿ ದುಡಿದರು. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು. ದಿನವಿಡೀ ನಿಲ್ಲಲಾಗದ ಸಪ್ಲಾಯರನ್ನು ಯಾರು ಇಟ್ಟುಕೊಳ್ಳುತ್ತಾರೆ? ಏಳು ಕಡೆ ಕೇಳಿದರು. ಏಳು ಕಡೆಯೂ ಇಲ್ಲ ಎಂದರು.

ಕೊನೆಗೆ ಕೆಲಸಕ್ಕೆ ಕರೆದವರು ನವ್ಯಶ್ರೀ. ಕಾಲೇಜಿನ ದಿನಗಳಲ್ಲಿ ಬೂಬಣ್ಣ ತಂದಿಟ್ಟ ದೋಸೆ ತಿಂದು ಪರೀಕ್ಷೆಗೆ ಓದಿದ ಹುಡುಗಿ. ಈಗ ಮಣಿಪಾಲದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, 'ಎಂತಬೇಕು' ಎಂಬ ಪುಟ್ಟ ಕಂಪನಿ ನಡೆಸುತ್ತಿದ್ದಾರೆ. ಗಿರಾಕಿ ಮೇಜಿನ ಮೇಲಿನ ಟ್ಯಾಬ್ ಒತ್ತಿ ತಿಂಡಿ ಹೇಳಬಹುದು, ಅದರಲ್ಲೇ ಬಿಲ್ ಕೊಡಬಹುದು. ಕಾಪು, ಉಡುಪಿ, ಕಾರ್ಕಳದ ಮೂರು ಹೋಟೆಲುಗಳಲ್ಲಿ ನಲವತ್ತೆಂಟು ಟ್ಯಾಬ್‌ಗಳಿವೆ. ಅವನ್ನು ಒರೆಸುವುದು, ಚಾರ್ಜ್ ಮಾಡುವುದು, ಸಪ್ಲಾಯರುಗಳಿಗೆ ಕಲಿಸುವುದು ಎಲ್ಲ ಬೂಬಣ್ಣನದೇ. ಟ್ಯಾಬ್ ಮೊದಲು ಬಂದ ದಿನ ಹಳೆಯ ಜೊತೆಗಾರರು, "ಬೂಬಣ್ಣ, ನಮ್ಮ ಅನ್ನಕ್ಕೆ ಕಲ್ಲು ಹಾಕಲಿಕ್ಕೆ ಬಂದಿರಾ?" ಎಂದು ಚುಚ್ಚಿದ್ದರಂತೆ. "ಇದಕ್ಕೆ ಕಾಲು ಉಂಟಾ ಮಾರಾಯ? ದೋಸೆ ಹೊತ್ತು ತರುವವ ನೀನೇ ಅಲ್ವಾ?" ಎಂಬುದು ಇವರ ಉತ್ತರ.

ಆದರೆ ಇವತ್ತು ಅವರು ಹೆಚ್ಚು ನಗುತ್ತಿಲ್ಲ. ಇವತ್ತು ಶುಕ್ರವಾರ. ಕಾರ್ಕಳದ ಹೋಟೆಲಿನ ಮಾಲೀಕ ಜಿತೇಂದ್ರ ಕೊಟ್ಟ ಗಡುವು ಮುಗಿಯುವ ದಿನ. ಅರ್ಧಕ್ಕರ್ಧ ಟ್ಯಾಬ್‌ಗಳು ಇರುವುದು ಅಲ್ಲೇ. ಅಲ್ಲಿಂದ ಎತ್ತಿಸಿದರೆ ಕಂಪನಿಗೆ ಬೂಬಣ್ಣನ ಸಂಬಳ ಕೊಡಲು ಸಾಧ್ಯವಿಲ್ಲ. ಇದನ್ನು ನವ್ಯಶ್ರೀ ಮುಚ್ಚಿಟ್ಟಿಲ್ಲ. ಬೂಬಣ್ಣ ಮಾತ್ರ ಮನೆಯಲ್ಲಿ ಹೆಂಡತಿ ರತ್ನಾವತಿಗೆ ಇನ್ನೂ ಹೇಳಿಲ್ಲ.

ಆದದ್ದು ಇಷ್ಟು. ಸಿರಿಲ್ ಮಾಸ್ಟ್ರು ಆ ಹೋಟೆಲಿಗೆ ಇಪ್ಪತ್ತಾರು ವರ್ಷದಿಂದ ಬರುವ ನಿವೃತ್ತ ಶಿಕ್ಷಕರು. ಎರಡು ವಾರದ ಹಿಂದೆ ತಿಂಡಿ ಮುಗಿಸಿ, ಎಡಗೈಯಲ್ಲಿ 'ಬಿಲ್' ಒತ್ತಿ, ಕೈ ತೊಳೆಯಲು ಎದ್ದರು. ತೊಳೆದು ಒರೆಸಿಕೊಂಡು ಬರುವಷ್ಟರಲ್ಲಿ, ಟ್ಯಾಬ್‌ಗೆ ಹಾಕಿಟ್ಟಿದ್ದ ಎರಡು ನಿಮಿಷದ ಮಿತಿ ಕಳೆದು ಬಿಲ್ ಮಾಯವಾಗಿತ್ತು. ತೆರೆಯ ಮೇಲೆ ಮುಂದಿನವರಿಗಾಗಿ ತಿಂಡಿಯ ಪಟ್ಟಿ. ಕೌಂಟರಿನಲ್ಲೇ ಕೊಡೋಣವೆಂದು ಅವರು ಬಾಗಿಲ ಕಡೆ ನಡೆದರೆ, ಅಲ್ಲಿ ಹೊಸದಾಗಿ ಕೂತಿದ್ದವರು ಎಲ್ಲರಿಗೂ ಕೇಳುವಂತೆ, "ಬಿಲ್ ಕೊಡದೆ ಹೋಗ್ತಾ ಇದ್ದೀರಿ" ಎಂದುಬಿಟ್ಟರು. ಮಾಸ್ಟ್ರು ಹಣ ಇಟ್ಟು ಹೊರಟುಹೋದರು. ಮತ್ತೆ ಬರಲಿಲ್ಲ.

"ನಾವು ಆಫೀಸಿನಲ್ಲಿ ಚಮಚದಲ್ಲಿ ಪಲಾವ್ ತಿಂದು ಪರೀಕ್ಷೆ ಮಾಡಿದ್ದು" ಎಂದು ನವ್ಯಶ್ರೀ ಒಪ್ಪಿಕೊಳ್ಳುತ್ತಾರೆ. ಬೂಬಣ್ಣ ತಪ್ಪನ್ನು ತನ್ನ ತಲೆಗೇ ಎಳೆದುಕೊಳ್ಳುತ್ತಾರೆ. "ಅವರು ಮಕ್ಕಳು. ಮೂವತ್ತೊಂದು ವರ್ಷ ಮೇಜಿನ ಮೇಲೆ ಬಿಲ್ ಇಟ್ಟವ ನಾನು. ಸಾಂಬಾರಿನ ಕೈಯಲ್ಲಿ ಯಾರಾದರೂ ದುಡ್ಡು ಕೊಡ್ತಾರಾ? ಎಡಗೈಯಲ್ಲಿ ಕೊಡ್ತಾರಾ? ಎದ್ದು ಕೈ ತೊಳೆದು, ಮತ್ತೆ ಬಲಗೈಯಲ್ಲಿ ಕೊಡುವುದಲ್ವಾ? ನನಗೇ ಹೊಳೆಯಲಿಲ್ಲ."

ಹೊಳೆದ ಮೇಲೆ ಅವರು ಹೇಳಿದ ಉಪಾಯ ಸರಳವಾಗಿತ್ತು. ತಿಂಡಿ ಹೇಳುವುದು ಮೇಜಿನಲ್ಲೇ ಇರಲಿ; ಬಿಲ್ ಕೊಡಲು ಕೈ ತೊಳೆಯುವ ಬೇಸಿನ್ ಪಕ್ಕ, ಟವೆಲ್ ತೂಗುವಲ್ಲಿ ಇನ್ನೊಂದು ಟ್ಯಾಬ್ ಇರಲಿ. ಕೊಡುವ ತನಕ ಬಿಲ್ ಎಲ್ಲಿಗೂ ಹೋಗಬಾರದು. ನವ್ಯಶ್ರೀಯ ಆಫೀಸಿನ ಹುಡುಗರು ಮೂರು ದಿನ ಕೂತು ಹಾಗೇ ಮಾಡಿದರು. ಬೂಬಣ್ಣ ಮಾಸ್ಟ್ರ ಮನೆಗೂ ಹೋಗಿ, "ತಪ್ಪು ನಮ್ಮದು, ಒಮ್ಮೆ ಬನ್ನಿ" ಎಂದು ಕೇಳಿಕೊಂಡರು. ಮಾಸ್ಟ್ರು ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಜಿತೇಂದ್ರರದು ಒಂದೇ ಮಾತು: "ಮಾಸ್ಟ್ರು ತಿರುಗಿ ಬಂದರೆ ನಿಮ್ಮ ಟ್ಯಾಬ್ ಇರಲಿ ಬೂಬಣ್ಣ. ಇಲ್ಲದಿದ್ದರೆ ಶುಕ್ರವಾರ ಕಟ್ಟಿಕೊಂಡು ಹೋಗಿ."

ಶಿರ್ವ ದಾರಿಯ ಬಸ್ಸು ಹಿಡಿದು ಕಾರ್ಕಳ ಮುಟ್ಟುವಾಗ ಎಂಟೂವರೆ. ಬೂಬಣ್ಣನ ಚೀಲದಲ್ಲಿ ಟ್ಯಾಬ್‌ಗಳನ್ನು ಸುತ್ತಲು ಹಳೆಯ ಪಂಚೆಯೊಂದು ಇದೆ. ಅದನ್ನು ಹೊರಗೆ ತೆಗೆಯದೆ, ಕಾಲು ನೀವಿಕೊಳ್ಳುತ್ತಾ ಬೇಸಿನ್ ಹತ್ತಿರ ನಿಲ್ಲುತ್ತಾರೆ. ಒಂಬತ್ತಾಗುತ್ತದೆ. ಒಂಬತ್ತೂವರೆ.

ಹತ್ತಕ್ಕೆ ಐದು ನಿಮಿಷವಿರುವಾಗ ಮಾಸ್ಟ್ರು ಕೊಡೆ ಮಡಚಿ ಒಳಗೆ ಬರುತ್ತಾರೆ. ಯಾರ ಮುಖವನ್ನೂ ನೋಡದೆ ತಮ್ಮ ಮಾಮೂಲಿ ಮೇಜಿನಲ್ಲಿ ಕೂತು ಬನ್ಸ್, ಕಾಫಿ ಒತ್ತುತ್ತಾರೆ. ನಿಧಾನವಾಗಿ ತಿನ್ನುತ್ತಾರೆ. ಎದ್ದು ಕೈ ತೊಳೆಯುತ್ತಾರೆ, ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿಕೊಳ್ಳುತ್ತಾರೆ. ಗೋಡೆಯ ಟ್ಯಾಬ್‌ನಲ್ಲಿ ಅವರ ಬಿಲ್ ಕಾಯುತ್ತಿದೆ. ಕನ್ನಡಕ ಸರಿಮಾಡಿ, ಮೊಬೈಲು ಹಿಡಿದು ಹಣ ಕಳಿಸಿ, ಪಕ್ಕದಲ್ಲಿ ನಿಂತವರನ್ನು ಈಗಷ್ಟೇ ಕಂಡವರ ಹಾಗೆ ಕೇಳುತ್ತಾರೆ: "ಎಂತ ಬೂಬ, ಇನ್ನು ಹೋಗಬಹುದಾ ನಾನು?"

"ಹೋಗಿ ಮಾಸ್ಟ್ರೇ. ನಾಳೆ ಬನ್ನಿ."

ಕೌಂಟರಿನಿಂದ ಜಿತೇಂದ್ರ ಒಂದು ಕಾಫಿ ಬೂಬಣ್ಣನ ಕಡೆಗೆ ಕಳಿಸುತ್ತಾರೆ. ಲೋಟ ಹಿಡಿದ ಬೂಬಣ್ಣನ ಕಣ್ಣು ಇನ್ನೂ ಬಾಗಿಲಿನ ಮೇಲೆಯೇ.

"ನೋಡಿದಿರಾ?" ಎಂದು ನನ್ನತ್ತ ತಿರುಗುತ್ತಾರೆ. "ಬಲಗೈಯಲ್ಲೇ ಕೊಟ್ಟರು."