ಯಾರ ಕೈಯಲ್ಲಿತ್ತು

ಬೆಟಗೇರಿಯ ನಮ್ಮ ಮಗ್ಗದ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಪ್ರಾಧ್ಯಾಪಕರು, ಮೊಬೈಲುಗಳೊಳಗೆ ಉಳಿಯುವ ಸಾಕ್ಷ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ದಿನಪತ್ರಿಕೆ ಕೊಟ್ಟರೂ ತುದಿ ಹಿಡಿದು, "ಮೊದಲ ಯಾರ ಕೈಯಾಗಿತ್ತು?" ಎನ್ನುತ್ತಿದ್ದರು.

"ಚಹಾಕ್ಕೂ ಪಂಚನಾಮೆ ಮಾಡ್ರಿ, ಸರ್," ಎಂದು ಅವ್ವ ನಗುತ್ತಿದ್ದಳು.

ಒಂದು ದಿನ ನಮ್ಮ ಮನೆಯ ಮೊಬೈಲಿನಿಂದ ಓಣಿಯ ಹುಡುಗಿಯೊಬ್ಬಳಿಗೆ ಬೆದರಿಕೆಯ ಸಂದೇಶ ಹೋಯಿತು. ಓಣಿಯ ಹಿರಿಯರು ಅದು ನನ್ನ ತಮ್ಮನದೇ ಕೆಲಸವೆಂದು ಅವನನ್ನು ಠಾಣೆಗೆ ಒಪ್ಪಿಸಲು ಹೊರಟರು. ನಾನು ಮೊಬೈಲು ಹಿಡಿದು ಮಾಳಿಗೆಗೆ ಓಡಿದೆ.

"ತಮ್ಮ ಕಳಿಸಿಲ್ಲಂತ ಬರದ ಕೊಡ್ರಿ, ಸರ್."

ಅವರು ಬಹಳ ಹೊತ್ತು ಪರೀಕ್ಷಿಸಿ, ಕನ್ನಡಕ ತೆಗೆದು ಒರೆಸಿದರು.

"ಈ ಫೋನಿಂದನ ಹೋಗೇತಿ, ತಂಗಿ. ಯಾರ ಕೈಯಾಗಿತ್ತಂತ ಫೋನ್ ಹೇಳೂದಿಲ್ಲ. ಅಷ್ಟ ಬರೀತೀನಿ."

ಆ ಚೀಟಿ ಓದಿ ಹಿರಿಯರು ತಮ್ಮನನ್ನು ಬಿಟ್ಟರು.

ಆ ಮೊಬೈಲು ಬಳಸುತ್ತಿದ್ದವರು ಮನೆಯ ನಾವು ನಾಲ್ವರೂ. ಅಂದು ಊಟಕ್ಕೆ ಕುಳಿತಾಗ ಅದು ನಮ್ಮ ನಡುವೆ ರಿಂಗಾಯಿತು. ಯಾರೂ ಕೈ ಚಾಚಲಿಲ್ಲ.