ಕುಸುಮ ಬಳಿದ ಗೋಡೆ

ಹೊಟ್ಟೆಕಿಚ್ಚು ನನಗೆ. ಮುಚ್ಚಿಡೋದೇನು, ಕುಸುಮನ್ನ ಕಂಡ್ರೆ ಮೈಯೆಲ್ಲ ಉರೀತಿತ್ತು.

ಅಶೋಕಪುರಂ ಹುಡುಗಿ. ಅವಳಪ್ಪ ಮರಿಸ್ವಾಮಿ ಸ್ಕೂಟರು, ಆಟೋಗಳಿಗೆ ಸ್ಪ್ರೇ ಪೇಂಟ್ ಹೊಡೆಯೋರು. ಎಂಟನೇ ಕ್ಲಾಸಿಂದಲೇ ಆ ಸ್ಪ್ರೇ ಗನ್ ಹಿಡಿದವಳು ಇವಳು. ಉಸಿರು ಬಿಗಿಹಿಡಿದು ಒಂದೇ ಸಮ ಕೈ ಓಡಿಸಿದರೆ ಬಣ್ಣ ಎಲ್ಲೂ ಇಳಿಯಲ್ಲ, ಎಲ್ಲೂ ದಪ್ಪ ಕೂರಲ್ಲ. ಐಟಿಐ ಮುಗಿಸಿ ಜಯಲಕ್ಷ್ಮಿಪುರಂನ ನಮ್ಮ ಲ್ಯಾಬಿಗೆ ಬಂದಳು ನೋಡಿ, ಅಲ್ಲಿಂದ ಶುರುವಾಯ್ತು ನನ್ನ ಸಂಕಟ.

ಗ್ಯಾಸ್ ಟರ್ಬೈನಿನಲ್ಲಿ ಬೆಂಕಿ ಉರಿಯೋ ಲೋಹದ ಡಬ್ಬಿ ಇರುತ್ತಲ್ಲ, ಅದರ ಗೋಡೆ ಎಷ್ಟು ಕಾಯುತ್ತೆ ಅಂತ ಅಳೆಯೋದು ನಮ್ಮ ಕೆಲಸ. ಹದಿನೆಂಟು ವರ್ಷ ಆ ಗೋಡೆಯ ಹಿಂಬದಿಗೆ ಬಿಸಿ ಅಳೆಯೋ ಕೂದಲಂಥ ವೈರ್ ಬೆಸೆದವಳು ನಾನು. "ಚಂದ್ರಮತಿ ವೈರ್ ಹೇಳಿದ್ದೇ ವೇದವಾಕ್ಯ" ಅನ್ನೋರು ಲ್ಯಾಬಿನ ಮುಖ್ಯಸ್ಥರು, ರಾಮಸ್ವಾಮಿ ಸರ್. ಆದರೆ ಜ್ವಾಲೆ ಕೆಲವು ಸಲ ನೆಟ್ಟಗೆ ನಿಲ್ಲದೆ ಗುರ್ ಅಂತ ಅದುರುತ್ತೆ. ಆಗ ಗೋಡೆಯ ಬಿಸಿ ಕಣ್ಣುಮುಚ್ಚಿ ತೆಗೆಯೋದರೊಳಗೆ ಎಷ್ಟೋ ಸಲ ಏರಿಳಿಯುತ್ತೆ. ನನ್ನ ವೈರಿಗೆ ಅಷ್ಟು ಚುರುಕಿಲ್ಲ, ಒಂದು ಸರಾಸರಿ ಹೇಳಿ ಸುಮ್ಮನಾಗುತ್ತೆ. ಅದಕ್ಕೇ ಹೊಸ ಪುಡಿ ಬಂತು. ಅಂಟಲ್ಲಿ ಕಲಸಿ ಸ್ಪ್ರೇ ಗನ್ನಿಂದ ಗೋಡೆಗೆ ತೆಳ್ಳಗೆ ಬಳಿದು ಲೇಸರ್ ಹಾಯಿಸಿದರೆ ಪುಡಿ ಮಿನುಗುತ್ತೆ. ಗೋಡೆ ಕಾದಷ್ಟೂ ಮಿನುಗು ಬೇಗ ಆರುತ್ತೆ. ಆರೋ ಹೊತ್ತು ಅಳೆದರೆ ಬಿಸಿ ಗೊತ್ತಾಗುತ್ತೆ. ಬಳಿಯೋ ಕೈ ಕುಸುಮಂದು. ಸರ್ ಬಾಯಲ್ಲಿ ಹೊತ್ತು ಹೊತ್ತಿಗೂ ಕುಸುಮ, ಕುಸುಮ. ಅಬ್ಬಬ್ಬಾ!

ಮೂರು ವಾರ ಕೂತು ಬಳಿದಳು. ಪರೀಕ್ಷೆಯ ಹಿಂದಿನ ದಿನ ಬಂದು, "ಅಕ್ಕ, ನನ್ನ ಪುಡಿ ಹಿಂದೆ ನಿಮ್ಮದೊಂದು ವೈರ್ ಬೆಸೆದ್ಬುಡಿ. ಜ್ವಾಲೆ ನೆಟ್ಟಗಿದ್ದಾಗ ಎರಡೂ ಒಂದೇ ಹೇಳಿದ್ರೆ ತಾನೇ ನನ್ನದನ್ನ ನಂಬೋದು?" ಅಂದಳು. ತಾಳೆಯಾಗದಿದ್ದರೆ ಪುಡಿ ಕೈಬಿಡೋಣ ಅಂದಿದ್ದರು ಸರ್. ಪುಡಿ ಹೋದರೆ ಅವಳ ಕೆಲಸವೂ ಹೋದಂಗೆ.

ಬೆಸೆದೆ. ಬೆಸುಗೆ ಅರ್ಧ ಮಾತ್ರ ಹಿಡೀತು, ಕೈಗೇ ಗೊತ್ತಾಯ್ತು. ಹಾಗೆ ಹಿಡಿದ ವೈರ್ ಬಿಸಿ ಕಮ್ಮಿ ಹೇಳುತ್ತೆ. ಇವಳ ಪರವಾಗಿ ನಾನ್ಯಾಕೆ ಸಾಕ್ಷಿ ಹೇಳಲಿ ಅಂತ ಹಾಗೇ ಬಿಟ್ಟೆ.

ಮಾರನೇ ದಿನ ಅವಳ ಪುಡಿ ಏಳ್ನೂರೆಂಬತ್ತು ಡಿಗ್ರಿ ಅಂತು, ನನ್ನ ವೈರ್ ಏಳ್ನೂರು. ನನಗೋ ಹಾಲು ಕುಡಿದಷ್ಟು ಖುಷಿ. "ಯಾವುದಮ್ಮ ತಪ್ಪು?" ಅಂದರು ಸರ್.

"ಚಂದ್ರಮತಿಯಕ್ಕನ ವೈರ್ ಎಲ್ಲಾದ್ರೂ ತಪ್ಪುತ್ತಾ ಸರ್?" ಅಂದಳು ಕುಸುಮ. "ನಾನೇ ಏನೋ ಎಡವಟ್ಟು ಮಾಡಿದೀನಿ."

"ಹಾಗಾದ್ರೆ ಕೆರೆದುಬಿಡು."

ಗೋಡೆ ಆರಿದ ಮೇಲೆ ಕೆರೆಯೋ ತಗಡು ತಗೊಂಡಳು. ಬಳಿಯುವಾಗಿನ ಹಾಗೇ ಉಸಿರು ಬಿಗಿಹಿಡಿದಿದ್ದಳು, ಕಣ್ಣಲ್ಲಿ ನೀರು. ಒಂದು ಸಲವೂ ಅನುಮಾನದಿಂದ ನನ್ನ ಕಡೆ ನೋಡಲಿಲ್ಲ, ಮೂದೇವಿ!

"ನಿಲ್ಸೇ!" ಅಂತ ಅವಳ ಕೈ ಹಿಡಿದೆ. ಹಿಂಬದಿಗೆ ಹೋಗಿ ಎರಡು ಬೆರಳಲ್ಲಿ ವೈರ್ ಎಳೆದೆ. ಕಿತ್ತು ಕೈಗೇ ಬಂತು. "ಗೊತ್ತಿದ್ದೇ ಬಿಟ್ಟಿದ್ದೆ ಸರ್," ಅಂದೆ.

ಕುಸುಮ ಆ ವೈರನ್ನ ನನ್ನ ಕೈಯಿಂದ ತಗೊಂಡು ನೋಡಿ, ತಿರುಗಿ ನನಗೇ ನೀಡಿ, "ಗಟ್ಟಿಯಾಗಿ ಬೆಸೀರಿ ಅಕ್ಕ," ಅಂದಳು. ಬೆಸೆದೆ. ಮತ್ತೆ ಜ್ವಾಲೆ ಹಚ್ಚಿದಾಗ ಎರಡೂ ಒಂದೇ ಹೇಳಿದವು.

ಹೊಟ್ಟೆಕಿಚ್ಚು ಹೋಯ್ತಾ ಅಂತ ಕೇಳಬೇಡಿ. ಸರ್ ಈಗ ನನ್ನ ಒಂದೊಂದು ಬೆಸುಗೆಯನ್ನೂ ಎಳೆದು ನೋಡ್ತಾರೆ. ಕುಸುಮ ಇವತ್ತಿಗೂ ಎಳೆದು ನೋಡಲ್ಲ. ಅದಕ್ಕೂ ಉರೀತದೆ ನನಗೆ.