ಸಾನ್ವಿ ಕೇಳಬೇಕಾಗಿದ್ದ ಪ್ರಶ್ನೆ

ವಿದ್ಯಾ, ನಿನ್ನ ಮಗಳು ಸಾನ್ವಿಗೆ ಸ್ಟ್ರಾಬೆರಿ ಆಗಿಬರುವುದಿಲ್ಲ ಎಂದು ಆರು ವರ್ಷಗಳಿಂದ ನೀವೆಲ್ಲ ನಂಬಿದ್ದೀರಲ್ಲ — ಅದು ಸುಳ್ಳು. ಆ ಸುಳ್ಳು ನನ್ನದು. ಅಯ್ಯೋ, ಇಂಥ ಕೆಲಸ ಮಾಡಿದವಳು ನಾನೇನಾ?

ಅವಳ ಎಂಟನೇ ಹುಟ್ಟುಹಬ್ಬಕ್ಕೆ ಚಾಕೊಲೇಟಿನಲ್ಲಿ ಅದ್ದಿದ ಸ್ಟ್ರಾಬೆರಿ ನಾನೇ ಮಾಡಿಕೊಡುತ್ತೇನೆಂದು ಹಟ ಹಿಡಿದೆ. ದೆಹಲಿಯ ಸರೋಜಿನಿ ನಗರದ ಈ ಕ್ವಾರ್ಟರ್ಸ್‌ನಲ್ಲಿ ಕೋಡುಬಳೆ, ಚಕ್ಕುಲಿ ಎಂದರೆ ಶಶಿ ಅಕ್ಕನದೇ ಎನ್ನುತ್ತಿದ್ದಿರಿ. ಇದೇನು ಮಹಾ ಎಂದುಕೊಂಡೆ. ಹಣ್ಣು ತೊಳೆದು, ಒರೆಸದೆ ಅದ್ದಿದೆ. ನೀರು ತಾಗಿದ್ದೇ ತಡ, ಕರಗಿದ್ದ ಚಾಕೊಲೇಟು ಬಿಗಿದುಕೊಂಡು ಮರಳುಮರಳಾಯಿತು. ಬಿಸಿ ಹಾಲು ಸುರಿದು ಕಲಕಿದರೂ ತರಿ ಹೋಗಲಿಲ್ಲ. ಮೇಲಿನ ಮನೆಯಲ್ಲಿ ನೀನು ಬಲೂನು ಕಟ್ಟುತ್ತಿದ್ದೆ, ನನಗೆ ಇಲ್ಲಿ ಮರ್ಯಾದೆಯ ಚಿಂತೆ. ಶಾಲು ಮಾರುವ ಕಾಶ್ಮೀರಿ ಭಯ್ಯಾನಿಂದ ಕೊಂಡ ಅಕ್ರೋಟು ಡಬ್ಬಿಯಲ್ಲಿತ್ತು. ನುಣ್ಣಗೆ ಪುಡಿ ಮಾಡಿ ಕಲಸಿಬಿಟ್ಟೆ. ತರಿ ಮುಚ್ಚಿತು, ರುಚಿಯೂ ಬಂತು. ಯಾರಿಗೂ ಹೇಳಲಿಲ್ಲ.

ಇನ್ನೊಂದು ಮಾತು. ಆ ಬೆಳಿಗ್ಗೆ ಸಾನ್ವಿ ನನ್ನ ಅಡುಗೆಮನೆಗೆ ಬಂದು ಬರೀ ಹಣ್ಣು ಮೂರು ತಿಂದಿದ್ದಳು. ಸಂಜೆಯವರೆಗೂ ಕುಣಿಯುತ್ತಿದ್ದಳು, ಏನೂ ಆಗಿರಲಿಲ್ಲ. ಇದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ.

ಕೇಕು ಕತ್ತರಿಸಿದ ಮೇಲೆ ನೀನೇ ಮೊದಲ ಸ್ಟ್ರಾಬೆರಿ ಅವಳ ಬಾಯಿಗಿಟ್ಟೆ. ಸ್ವಲ್ಪ ಹೊತ್ತಿಗೆ ತುಟಿ ಊದಿತು, ಕಣ್ಣು ಮುಚ್ಚಿಕೊಂಡಿತು, ಉಸಿರು ಸುಂಯ್‌ಗುಟ್ಟತೊಡಗಿತು. ನೀನು ಚಪ್ಪಲಿಯಿಲ್ಲದೆ ಮಗುವನ್ನೆತ್ತಿಕೊಂಡು ಆಟೋ ಹತ್ತಿದೆ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೇಳಿದೆ — "ಶಶಿ ಅಕ್ಕ, ನೆನಪು ಮಾಡ್ಕೊಳ್ಳಿ, ಅದಕ್ಕೆ ಬೇರೆ ಏನಾದ್ರೂ ಹಾಕಿದ್ರಾ? ಡಾಕ್ಟ್ರು ಕೇಳ್ತಿದ್ದಾರೆ."

"ಇಲ್ಲಮ್ಮ. ಬರೀ ಚಾಕೊಲೇಟು, ಹಣ್ಣು. ಅಷ್ಟೇ."

ಯೋಚಿಸಿ ಹೇಳಿದ್ದಲ್ಲ. ಆದರೆ ಅವಳು ಹುಷಾರಾಗಿ ಮನೆಗೆ ಬಂದಮೇಲೂ ಹೇಳಲಿಲ್ಲವಲ್ಲ — ಅದು ಯೋಚಿಸಿಯೇ. ಚಾಕೊಲೇಟು ದಿನಾ ತಿನ್ನುವ ಮಗು, ಹಾಗಾಗಿ ಹಣ್ಣಿನದೇ ತಪ್ಪು ಎಂದಾಯಿತು. ಅಲರ್ಜಿ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಗೊತ್ತಾಯಿತಲ್ಲ, ಇನ್ಯಾಕೆ ಎಂದು ನೀವು ಬಿಟ್ಟಿರಿ. "ನಾನೇ ನನ್ನ ಕೈಯಾರೆ ತಿನ್ನಿಸ್ದೆ" ಎಂದು ನೀನು ಎಷ್ಟು ಸಲ ಅತ್ತಿಲ್ಲ! ಪಕ್ಕದಲ್ಲಿ ಕೂತು ನಿನ್ನ ಬೆನ್ನು ಸವರಿದೆ ನಾನು. ನಾಚಿಕೆಗೆಟ್ಟವಳು.

ಇವತ್ತು ಮಧ್ಯಾಹ್ನ ಸಾನ್ವಿ ಬಂದಿದ್ದಳು. ಗುರುಗ್ರಾಮದಿಂದ ಸೊಸೆ ತಂದ ಕೇಕು ಮೇಜಿನ ಮೇಲಿತ್ತು. ನಾನು ಒಳಗಿಂದ ಬರುವಷ್ಟರಲ್ಲಿ ತುಂಡು ಅವಳ ಕೈಯಲ್ಲಿ. "ಆಂಟಿ, ಇದ್ರಲ್ಲಿ ಸ್ಟ್ರಾಬೆರಿ ತೋ ನಹೀ ಹೈ ನಾ? ಇಲ್ಲ ತಾನೇ?"

ಕೇಕಿನ ತುಂಬ ಅಕ್ರೋಟು.

ಕೈಗೆ ಹೊಡೆದು ಬೀಳಿಸಿದೆ. ಅವಳು ಕಣ್ಣರಳಿಸಿ ನೋಡಿದಳು. ಆಗಲಾದರೂ ಹೇಳಬಾರದಿತ್ತೇ? "ಹಳಸಿದೆ ಕಣೇ" ಎಂದೆ. "ಅಚ್ಛಾ, ಚಲೋ" ಎಂದು ನಗುತ್ತ ಹೋದಳು. ನಾನು ಬಿದ್ದ ತುಂಡನ್ನು ಎತ್ತಿ ಕಸಕ್ಕೆ ಹಾಕಿದೆ. ಆರು ವರ್ಷ — ಸ್ಕೂಲಿನಲ್ಲಿ, ಮದುವೆಮನೆಗಳಲ್ಲಿ, ಗೆಳತಿಯರ ಮನೆಗಳಲ್ಲಿ — ಆ ಮಗು ತಪ್ಪು ಪ್ರಶ್ನೆ ಕೇಳಿಕೊಂಡು ತಿನ್ನುತ್ತಿದೆ. ಅದನ್ನು ಕಲಿಸಿದವಳು ನಾನು.

ಅಕ್ರೋಟೇ ಎಂದು ಆಣೆಯಿಟ್ಟು ಹೇಳಲಾರೆ, ಪರೀಕ್ಷೆಯೇ ಹೇಳಬೇಕು. ಬಾಯಲ್ಲಿ ಹೇಳಹೊರಟರೆ ಮತ್ತೆ ಸುಳ್ಳೇ ಬಂದೀತೆಂದು ಬರೆದಿದ್ದೇನೆ. ಈಗಲೇ ಮೇಲೆ ಬಂದು ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವತನಕ ಎದುರೇ ನಿಂತಿರುತ್ತೇನೆ. ಕ್ಷಮಿಸು ಎನ್ನುವುದಿಲ್ಲ. ನನ್ನನ್ನು ಆಮೇಲೆ ಬೈಯುವೆಯಂತೆ, ವಿದ್ಯಾ — ಮೊದಲು ಸಾನ್ವಿಯನ್ನು ಕರೆದು, ಅಕ್ರೋಟು ಮುಟ್ಟಬೇಡ ಎನ್ನು.